ತ್ರಿಕರಣಸೇವೆ: ಮೊಲೊಕಾಯಿ ದ್ವೀಪದ ಡೇಮಿಯನ್ ಪಾದ್ರಿಗಳು

(ಮಹೋತ್ಸವದ ಸಭೆಯಲ್ಲಿ ಮಾಡಿದ ಉಪನ್ಯಾಸ)



ಮಹೋತ್ಸವವೆಂದರೆ ಅನ್ನದ ಕೊಪ್ಪರಿಗೆಯು ಒಲೆಯಿಂದ ಇಳಿಯದಿರುವ ಕಾಲ. ನೀರು ಹೊರುವವರು, ಎಲೆ ಹಾಸುವವರು, ಎಂಜಲು ಬಳಿಯುವವರು ಹೀಗೆ ನೂರಾರು ಕೈಗಳು ದುಡಿಯುತ್ತಿರುವ ಈ ಸಮಯದಲ್ಲಿ ಸೇವೆಯೆಂಬ ಶಬ್ದವನ್ನು ಕುರಿತು ತುಸು ವಿಚಾರಮಾಡುವದು ಯುಕ್ತವಾಗಿದೆ. ಆ ಶಬ್ದವು ಎಲ್ಲರ ನಾಲಗೆಯ ಮೇಲೂ ಓಡಾಡಿ ಸವೆದುಹೋಗಿದೆ. ಮಿಕ್ಕ ಹಣದಲ್ಲಿ ಒಂದಂಶವನ್ನು ಕೊಟ್ಟವನೂ ಸೇವೆ ಮಾಡಿದೆನೆನ್ನುವನು. ಸರ್ವಸ್ವವನ್ನೂ ಕೊಟ್ಟವನ ಕಾರ್ಯಕ್ಕೂ ಅದೇ ಹೆಸರು. ಸವೆದ ಚಿನ್ನವನ್ನು ಅಕ್ಕಸಾಲಿಗನು ಒರೆಗಲ್ಲಿಗೆ ಹಚ್ಚಿ ನೋಡುವಂತೆ ಈ ಶಬ್ದವನ್ನೂ ಹಚ್ಚಿ ನೋಡಬೇಕು. ಒರೆಗಲ್ಲು ತನ್ನ ಮನೆಯದೇ ಆಗಿರಬೇಕೆಂಬ ನಿಯಮವಿಲ್ಲ. ಆದಕಾರಣ ಈ ಉಪನ್ಯಾಸವು ಪರಮತದ, ಪರದೇಶದ ಸಾಧುವೊಬ್ಬರ ಚರಿತ್ರೆಯನ್ನು ಆರಿಸಿಕೊಂಡಿದೆ.

ಮನಸ್ಸು, ಕಾಯ, ವಾಕ್ಕು ಎಂಬ ಮೂರು ಕರಣಗಳು ಒಂದಾಗಿ ಮಾಡಿದ ಕಾರ್ಯಕ್ಕೆ ತ್ರಿಕರಣಪೂರ್ವಕವಾದ ಕಾರ್ಯವೆಂದು ಹಿರಿಯರು ಹೇಳುವರು. ಕೊಡಬೇಕೆಂದು ಬಯಸಿಯೂ ಕೈ ಮುಂದೆ ಬಾರದವರುಂಟು. ಕೈಯಿಂದ ಕೊಟ್ಟು ಬಾಯಿಂದ ಚುಚ್ಚುವವರುಂಟು. ಮೂರೂ ಒಂದಾದವರು ವಿರಳ. ಅಂಥ ವಿರಳರಲ್ಲಿ ಒಬ್ಬರು ಕ್ರೈಸ್ತ ಸಂನ್ಯಾಸಿಗಳಾದ ಡೇಮಿಯನ್ ಪಾದ್ರಿಗಳು.

ಅವರು ಸೇವೆಗೈದ ನೆಲವನ್ನು ಮೊದಲು ನೋಡೋಣ. ಪ್ರಶಾಂತ ಮಹಾಸಾಗರದ ನಡುವೆ ಹವಾಯಿ ಎಂಬ ದ್ವೀಪಸಮೂಹವಿದೆ. ಇಂದು ಅದು ಅಮೇರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಒಂದು. ಹತ್ತೊಂಬತ್ತನೆಯ ಶತಮಾನದಲ್ಲಿ ಅದಕ್ಕೆ ತನ್ನದೇ ಆದ ಅರಸೊತ್ತಿಗೆಯಿದ್ದಿತು. ೧೭೭೮ರಲ್ಲಿ ಕುಕ್ ಎಂಬ ಇಂಗ್ಲಿಷ್ ನಾವಿಕನು ಅಲ್ಲಿಗೆ ಹೋದ ತರುವಾಯ ನಾನಾ ದೇಶಗಳ ಹಡಗುಗಳು ಬರತೊಡಗಿದವು. ಹಡಗುಗಳೊಡನೆ ಸಿಡುಬು, ದಡಾರ ಮೊದಲಾದ ರೋಗಗಳೂ ಬಂದವು. ಹೊರಗಿನ ರೋಗಗಳನ್ನು ಎಂದೂ ಕಂಡರಿಯದ ಆ ಜನರ ಮೈಯಲ್ಲಿ ಅವನ್ನು ತಡೆಯುವ ಶಕ್ತಿಯಿರಲಿಲ್ಲವಾದ್ದರಿಂದ ಜನಸಂಖ್ಯೆಯು ಬಹಳವಾಗಿ ಕುಗ್ಗಿಹೋಯಿತು. ಕುಷ್ಠರೋಗವೂ ಹಾಗೆಯೇ ಹೊರಗಿನಿಂದ ಬಂದು ನೆಲೆಯೂರಿತು. ಅದಕ್ಕೆ ಆಗ ಮದ್ದಿರಲಿಲ್ಲ. ಭಯಗೊಂಡ ಸರಕಾರವು ೧೮೬೫ರ ಜನವರಿಯಲ್ಲಿ ಐದನೆಯ ಕಾಮೆಹಮೇಹ ಅರಸನ ಒಪ್ಪಿಗೆಯಿಂದ ಒಂದು ಕಾಯಿದೆ ಮಾಡಿತು. ರೋಗಿಯೆಂದು ತೋರಿದವರನ್ನು ಹಿಡಿದು, ಮನೆಮಂದಿಯಿಂದ ಬಿಡಿಸಿ, ದೂರ ಇಡಬೇಕೆಂಬದೇ ಅದರ ಸಾರಾಂಶವು.

ದೂರದ ಸ್ಥಳವೆಂದು ಆರಿಸಿದ್ದು ಮೊಲೊಕಾಯಿ ದ್ವೀಪದ ಬಡಗಣ ಅಂಚಿನಲ್ಲಿ ಕಡಲಿಗೆ ಚಾಚಿರುವ ಒಂದು ನೆಲದ ನಾಲಗೆಯನ್ನು. ಮೂರು ಕಡೆಗೆ ಅಬ್ಬರಿಸುವ ಕಡಲು. ನಾಲ್ಕನೆಯ ಕಡೆಗೆ ಸುಮಾರು ೨೦೦೦ ಅಡಿ ಎತ್ತರದ ಕಡಿದಾದ ಬೆಟ್ಟದ ಗೋಡೆ. ಸೆರೆಮನೆಗೆ ಬೇರೆ ಪ್ರಾಕಾರವೇ ಬೇಕಾಗಿರಲಿಲ್ಲ. ೧೮೬೬ರ ಜನವರಿ ೬ರಂದು ಒಂಬತ್ತು ಮಂದಿ ಗಂಡಸರೂ ಮೂವರು ಹೆಂಗಸರೂ ಅಲ್ಲಿಯ ಕಲವಾವೊ ಎಂಬ ತಾಣದಲ್ಲಿ ಮೊದಲು ಇಳಿದರು. ರೋಗಿಗಳೇ ಉತ್ತು ಬಿತ್ತು ಉಣ್ಣುವರೆಂದು ಅಧಿಕಾರಿಗಳು ಎಣಿಸಿದ್ದರು. ಬೆರಳು ಕರಗುತ್ತಿರುವವನು ಗುದ್ದಲಿ ಹಿಡಿಯುವದೆಂತು? ಹಸಿವು, ಚಳಿ, ಹುಣ್ಣು, ಮನೆಯವರ ನೆನಪು ಇವೆಲ್ಲವೂ ಕೂಡಿ ಕೆಲವರನ್ನು ಮದ್ಯಕ್ಕೂ ಹತಾಶೆಗೂ ನೂಕಿದವು. ಈ ನೆಲದಲ್ಲಿ ಕಾಯಿದೆಯಿಲ್ಲವೆಂಬ ಮಾತು ಅಲ್ಲಿ ಹುಟ್ಟಿಕೊಂಡಿತು. ಆದರೆ ಎಲ್ಲರೂ ಕೆಟ್ಟರೆಂದು ತಿಳಿಯುವದು ಸರಿಯಲ್ಲ. ಹೋದ ವರ್ಷವೇ, ಅಂದರೆ ೧೮೬೬ರಲ್ಲಿಯೇ, ಪ್ರೊಟೆಸ್ಟಂಟ ಪಂಗಡದ ರೋಗಿಗಳು ತಾವಾಗಿಯೇ ಕೂಡಿ ಸಿಲೋಅಮ ಎಂಬ ಹೆಸರಿನ ಒಂದು ಸಭೆಯನ್ನು ಕಟ್ಟಿಕೊಂಡಿದ್ದರು. ರೋಗಿಗಳಾದ ತಮ್ಮವರನ್ನು ಬಿಡಲಾರದೆ ಜೊತೆಯಲ್ಲಿಯೇ ಬಂದು ನಿಂತ ಆರೋಗ್ಯವಂತರೂ ಇದ್ದರು. ಅವರನ್ನು ಆ ನುಡಿಯಲ್ಲಿ ಕೋಕುವಾ, ಎಂದರೆ ನೆರವಿಗರು, ಎಂದು ಕರೆಯುತ್ತಿದ್ದರು. ಈ ಮಾತನ್ನು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುವದು.

ಇನ್ನು ಡೇಮಿಯನ್ನರ ಪೂರ್ವವೃತ್ತಾಂತ. ಯುರೋಪ ಖಂಡದ ಬೆಲ್ಜಿಯಮ್ ದೇಶದಲ್ಲಿ ಟ್ರೆಮೆಲೊ ಎಂಬ ಹಳ್ಳಿಯಲ್ಲಿ ೧೮೪೦ರ ಜನವರಿ ೩ರಂದು ಅವರು ಹುಟ್ಟಿದರು. ತಂದೆಯು ಧಾನ್ಯದ ವ್ಯಾಪಾರಿ. ಮಗುವಿಗೆ ಇಟ್ಟ ಹೆಸರು ಜೋಸೆಫ್. ಹುಡುಗನು ಮೈಕಟ್ಟಿನಲ್ಲಿ ಗಟ್ಟಿಗನು, ವಿದ್ಯೆಯಲ್ಲಿ ಹೇಳಿಕೊಳ್ಳುವಂಥವನಲ್ಲ. ತಂದೆಯು ಅವನನ್ನು ವ್ಯಾಪಾರಕ್ಕೆ ಹಚ್ಚಬೇಕೆಂದಿದ್ದನು. ಆದರೆ ಅಣ್ಣನು ಮಠವನ್ನು ಸೇರಿ ಪಾಂಫೀಲನೆಂಬ ಹೆಸರನ್ನು ಪಡೆದಿದ್ದನು. ತಮ್ಮನೂ ಅದೇ ದಾರಿಯನ್ನು ಹಿಡಿದು, ಯೇಸು ಮರಿಯರ ಪವಿತ್ರಹೃದಯಗಳ ಹೆಸರಿನ ಸಂಘವನ್ನು ಸೇರಿ ಡೇಮಿಯನ್ ಎಂಬ ಹೆಸರನ್ನು ತಳೆದನು. ಲ್ಯಾಟಿನ್ ಭಾಷೆ ಬಾರದವನು ಪಾದ್ರಿಯಾಗಲಾರನೆಂದು ಹಿರಿಯರು ಅವನನ್ನು ಮೈಗೆಲಸದ ಸೋದರರ ಪಂಕ್ತಿಯಲ್ಲಿ ಇಟ್ಟಿದ್ದರು. ಅವನು ಅಣ್ಣನಿಂದ ಒಂದೊಂದೇ ಪದವನ್ನು ಕಲಿತು ಆ ಭಾಷೆಯನ್ನು ಸಾಧಿಸಿದನು. ಪಾಠಶಾಲೆಯಲ್ಲಿ ಶಬ್ದರೂಪಗಳನ್ನು ಉರುಹೊಡೆಯಲಾರದೆ ಅಳುವ ಮಕ್ಕಳು ಇದನ್ನು ಕೇಳಿಕೊಳ್ಳಬೇಕು.

೧೮೬೦ರಲ್ಲಿ ಪ್ಯಾರಿಸ್ ಪಟ್ಟಣದಲ್ಲಿ ಅವರು ವ್ರತಗಳನ್ನು ಕೈಕೊಂಡರು. ಆ ಸಂಘದ ಕ್ರಮದಂತೆ ವ್ರತವನ್ನು ತೊಡುವವರು ನೆಲದ ಮೇಲೆ ಉದ್ದಕ್ಕೆ ಮಲಗುವರು. ಅವರ ಮೇಲೆ ಶವಕ್ಕೆ ಹೊದಿಸುವ ಕರಿಯ ಬಟ್ಟೆಯನ್ನು ಹೊದಿಸುವರು. ಲೋಕದ ಪಾಲಿಗೆ ಇವನು ಸತ್ತನೆಂಬದು ಅದರ ಸಂಕೇತ. ಬಟ್ಟೆಯನ್ನು ಹೊದ್ದು ಏಳುವದು ಸುಲಭ; ಅದರ ಅರ್ಥವನ್ನು ಬದುಕಿನಲ್ಲಿ ಹೊದೆಯುವದು ಕಷ್ಟ. ಡೇಮಿಯನ್ನರಿಗೆ ಆ ಅರ್ಥವು ಹದಿಮೂರು ವರ್ಷಗಳ ಮೇಲೆ ಎದುರಿಗೆ ಬಂದು ನಿಂತಿತು.

ಮೊದಲು ಹವಾಯಿಗೆ ಹೋಗಬೇಕಾಗಿದ್ದವರು ಅಣ್ಣನೇ. ಹೊರಡುವ ಹೊತ್ತಿಗೆ ಅವರಿಗೆ ವಿಷಮಜ್ವರ ತಗಲಿತು. ಇನ್ನೂ ಪಾದ್ರಿಯ ದೀಕ್ಷೆಯಾಗದ ತಮ್ಮನು ತನ್ನನ್ನು ಕಳುಹಿಸಬೇಕೆಂದು ಪ್ಯಾರಿಸ್ಸಿನ ಹಿರಿಯರಿಗೆ ನೇರವಾಗಿ ಬರೆದು ಒಪ್ಪಿಗೆಯನ್ನು ಪಡೆದನು. ನಾಲ್ಕು ತಿಂಗಳುಗಳಿಗೂ ಮಿಗಿಲಾದ ಕಡಲಪಯಣದ ತರುವಾಯ ೧೮೬೪ರ ಮಾರ್ಚಿ ೧೯ರಂದು ಹೊನೊಲುಲು ಬಂದರವನ್ನು ಮುಟ್ಟಿ, ಮೇ ತಿಂಗಳಲ್ಲಿ ಅಲ್ಲಿಯೇ ದೀಕ್ಷೆಯನ್ನು ಪಡೆದರು. ಮುಂದಿನ ಒಂಬತ್ತು ವರ್ಷ ಹವಾಯಿ ಎಂದೇ ಹೆಸರಾದ ದೊಡ್ಡ ದ್ವೀಪದಲ್ಲಿ ಬೆಟ್ಟ ಹತ್ತಿ ಇಳಿದು, ಜನರ ನುಡಿಯನ್ನು ಕಲಿತು, ತಮ್ಮ ಕೈಯಿಂದಲೇ ಪ್ರಾರ್ಥನಾಮಂದಿರಗಳನ್ನು ಕಟ್ಟುತ್ತ ಕಳೆದರು.

೧೮೭೩ರ ಮೇ ತಿಂಗಳಲ್ಲಿ ಬಿಷಪ್ ಮೆಗ್ರೆ ಎಂಬವರು ಮಾವುಯಿ ದ್ವೀಪದಲ್ಲಿ ಕೂಡಿದ ಪಾದ್ರಿಗಳ ಮುಂದೆ ಕಲವಾವೊದ ಸಂಕಟವನ್ನಿಟ್ಟರು. ಹೋಗೆಂದು ಆಜ್ಞಾಪಿಸಲು ಅವರಿಗೆ ಬಾಯಿ ಬಾರದು. ನಾಲ್ವರು ಪಾದ್ರಿಗಳು ತಾವಾಗಿಯೇ ಎದ್ದು, ಸರದಿಯ ಮೇಲೆ ಕೆಲವು ವಾರಗಳಂತೆ ಹೋಗಿಬರುವೆವೆಂದರು. ಮೊದಲ ಸರದಿಯು ಡೇಮಿಯನ್ನರದು. ಅವರು ಮೇ ೧೦ರಂದು ದನಗಳನ್ನೂ ರೋಗಿಗಳನ್ನೂ ಹೊತ್ತ ಹಡಗಿನಲ್ಲಿ ಬಿಷಪ್ಪರೊಡನೆ ಹೋಗಿ ಇಳಿದರು. ಆಗ ಅವರ ವಯಸ್ಸು ಮೂವತ್ತಮೂರು. ಬಿಷಪ್ಪರು ಹಿಂದಿರುಗಿದರು. ಡೇಮಿಯನ್ನರು ಕೆಲವೇ ದಿನಗಳಲ್ಲಿ ತಮ್ಮನ್ನು ಅಲ್ಲಿಯೇ ಬಿಡಬೇಕೆಂದು ಬರೆದರು. ಮಿಕ್ಕವರ ಸರದಿಯು ಬರಲೇ ಇಲ್ಲ. ಇದು ಮನಸ್ಸಿನ ಸೇವೆ. ಸೇವಕನು ಹಿಂದಿರುಗುವ ಹಾದಿಯನ್ನು ತನಗಾಗಿ ತೆರೆದಿಟ್ಟುಕೊಂಡಿರುವವರೆಗೆ ಸೇವೆಗೊಳ್ಳುವವನಿಗೂ ಅವನಿಗೂ ನಡುವೆ ಒಂದು ಗೋಡೆಯು ಉಳಿದೇ ಇರುವದು. ಡೇಮಿಯನ್ನರು ಆ ಗೋಡೆಯನ್ನು ಮೊದಲ ವಾರದಲ್ಲಿಯೇ ಕೆಡವಿದರು.

ಎರಡನೆಯದು ಕಾಯದ ಸೇವೆ. ಮೊದಲ ದಿನಗಳಲ್ಲಿ ಅವರಿಗೆ ಮನೆಯಿರಲಿಲ್ಲ. ಸಂತ ಫಿಲೋಮಿನಳ ಹೆಸರಿನ ಚಿಕ್ಕ ಮಂದಿರದ ಪಕ್ಕದಲ್ಲಿ ಒಂದು ಕೇದಗೆಯ ಜಾತಿಯ ಮರದ ಕೆಳಗೆ ಮಲಗಿದರು. ಆಮೇಲೆ ಬಾಚಿ, ಗರಗಸ, ಉಳಿಗಳನ್ನು ಕೈಗೆತ್ತಿಕೊಂಡರು. ಬಿರುಗಾಳಿಯು ರೋಗಿಗಳ ಹುಲ್ಲಿನ ಗುಡಿಸಲುಗಳನ್ನು ಕೆಡವಿದಾಗ ಸರಕಾರದಿಂದ ಹಲಗೆಗಳನ್ನು ಬೇಡಿ ತರಿಸಿ, ಕೈಲಾಗುವ ರೋಗಿಗಳನ್ನು ಜೊತೆಗೆ ಕಟ್ಟಿಕೊಂಡು ಮನೆಗಳನ್ನೆಬ್ಬಿಸಿದರು. ನೀರಿಗಾಗಿ ಕುಂಟುತ್ತ ದೂರ ಹೋಗುವವರನ್ನು ಕಂಡು, ಕಣಿವೆಯ ನೀರು ಕೊಳವೆಯ ಮೂಲಕ ವಸತಿಗೆ ಹರಿದುಬರುವಂತೆ ಶ್ರಮಿಸಿದರು. ತಂದೆತಾಯಿಗಳಿಲ್ಲದ ಹುಡುಗರಿಗೊಂದು, ಹುಡುಗಿಯರಿಗೊಂದು ಆಶ್ರಯವನ್ನು ಕಟ್ಟಿದರು. ಹುಣ್ಣುಗಳನ್ನು ತೊಳೆದು ಬಟ್ಟೆ ಕಟ್ಟಿದರು. ಆ ಹುಣ್ಣುಗಳ ನಾತವು ಎಂಥದೆಂದರೆ ಅದನ್ನು ಮರೆಯುವದಕ್ಕಾಗಿಯೇ ಅವರು ಹೊಗೆಸೊಪ್ಪನ್ನು ಸೇದಲಾರಂಭಿಸಿದರು.

ಸತ್ತವರ ವಿಷಯದಲ್ಲಿ ಅವರು ಮಾಡಿದ್ದು ವಿಶೇಷವಾಗಿ ಗಮನಿಸತಕ್ಕದ್ದು. ಅದಕ್ಕೆ ಮುಂಚೆ ಬಡರೋಗಿಯು ಸತ್ತರೆ ಒಂದು ಬಟ್ಟೆಯಲ್ಲಿ ಸುತ್ತಿ ಆಳವಿಲ್ಲದ ಕುಳಿಯಲ್ಲಿ ಮುಚ್ಚುತ್ತಿದ್ದರು; ಹಂದಿಗಳು ಕೆದರುತ್ತಿದ್ದವು. ಡೇಮಿಯನ್ನರು ರುದ್ರಭೂಮಿಗೆ ಬೇಲಿ ಹಾಕಿದರು. ತಮ್ಮ ಕೈಯಿಂದ ನೂರಾರು ಶವಪೆಟ್ಟಿಗೆಗಳನ್ನು ಮಾಡಿದರು. ಕುಳಿಗಳನ್ನು ತಾವೇ ತೋಡಿದರು. ಸತ್ತವನ ಮೆರವಣಿಗೆಗೆ ಹಾಡುವವರ ಮೇಳವನ್ನೂ ವಾದ್ಯಗಾರರನ್ನೂ ರೋಗಿಗಳಲ್ಲಿಯೇ ಸಿದ್ಧಗೊಳಿಸಿದರು. ಬದುಕಿದ್ದಾಗ ಊರಿನಿಂದ ಹೊರದೂಡಲ್ಪಟ್ಟವನನ್ನು ಸತ್ತಾಗಲಾದರೂ ಮನುಷ್ಯನಂತೆ ಕಳುಹಿಸಬೇಕೆಂಬದು ಅವರ ಹಟ. ನಿನ್ನ ಹೆಣವನ್ನು ಹಂದಿಗೆ ಬಿಡುವದಿಲ್ಲವೆಂಬ ಭರವಸೆಯನ್ನು ಪಡೆದವನು ಉಳಿದ ನಾಲ್ಕು ದಿನಗಳನ್ನು ಬೇರೆ ರೀತಿಯಿಂದ ಬಾಳುವನು.

ಮೂರನೆಯದು ವಾಕ್ಕಿನ ಸೇವೆ. ಪಾದ್ರಿಗಳು ಪ್ರವಚನದಲ್ಲಿ ಸಭೆಯನ್ನು ಸೋದರರೇ ಎಂದು ಕರೆಯುವದು ವಾಡಿಕೆ. ಡೇಮಿಯನ್ನರು ಹಾಗೆ ಕರೆಯದೆ, ಕುಷ್ಠರೋಗಿಗಳಾದ ನಾವು ಎಂದು ಹೇಳುತ್ತಿದ್ದರು. ತಮಗೆ ರೋಗ ತಗಲಿದ ದಿನದಂದು ಅವರು ಮೊದಲಬಾರಿ ಹಾಗೆ ನುಡಿದರೆಂದು ಒಂದು ಕಥೆಯು ಬಹಳ ಕಡೆಗೆ ಪ್ರಚಾರದಲ್ಲಿದೆ. ನಿಜಸಂಗತಿಯು ಅದಕ್ಕಿಂತ ದೊಡ್ಡದು. ಅಲ್ಲಿಗೆ ಹೋದ ವರ್ಷವೇ, ಮೈಯಲ್ಲಿ ಒಂದು ಕಲೆಯೂ ಇಲ್ಲದಿದ್ದಾಗಲೇ, ತಾವು ಹೀಗೆ ಹೇಳುತ್ತಿರುವದಾಗಿ ಅವರು ಅಣ್ಣನಿಗೆ ಬರೆದಿದ್ದರು. ರೋಗಿಯಾದವನು ನಾವು ಎನ್ನುವದು ಅನಿವಾರ್ಯ. ಆರೋಗ್ಯವಂತನು ಎನ್ನುವದು ಧರ್ಮ. ಮಾತು ಬರಿಯ ಮಾತಾಗಿಯೂ ಉಳಿಯಲಿಲ್ಲ. ಕೆಸವಿನ ಗಡ್ಡೆಯನ್ನು ಬೇಯಿಸಿ ಅರೆದು ಮಾಡುವ ಪೋಯ್ ಎಂಬ ಅಂಬಲಿಯಂಥ ಆಹಾರವು ಆ ಜನರ ಮುಖ್ಯ ಅನ್ನ. ಒಂದೇ ಬಟ್ಟಲಿಗೆ ಎಲ್ಲರೂ ಕೈಯಿಟ್ಟು ತಿನ್ನುವದು ಅಲ್ಲಿಯ ಪದ್ಧತಿ. ಆ ಬಟ್ಟಲಿಗೆ ಡೇಮಿಯನ್ನರೂ ಕೈಯಿಟ್ಟರು.

ಇಷ್ಟೆಲ್ಲಕ್ಕೂ ಮೂಲವು ಯಾವದು? ಅವರ ಕ್ರೈಸ್ತಶ್ರದ್ಧೆಯೇ ಮೂಲವು. ಅದನ್ನು ಮರೆಮಾಡಿ ಬರಿಯ ಮಾನವದಯೆಯೆಂದರೆ ಅವರಿಗೆ ಅನ್ಯಾಯ ಮಾಡಿದಂತಾಗುವದು. ಎಲ್ಲರೂ ದೂರವಿಟ್ಟ ಕುಷ್ಠಿಯನ್ನು ಯೇಸುವು ಕೈಯಿಂದ ಮುಟ್ಟಿದನೆಂದು ಕ್ರೈಸ್ತಗ್ರಂಥವು ಹೇಳುತ್ತದೆ. ಹಸಿದವನಿಗೂ ರೋಗಿಗೂ ಸೆರೆಯಲ್ಲಿರುವವನಿಗೂ ಮಾಡಿದ ಉಪಕಾರವು ತನಗೇ ಮಾಡಿದಂತೆ ಎಂಬರ್ಥದ ಅವನ ಉಪದೇಶವೂ ಅಲ್ಲಿದೆ. ರೋಗಿಯೂ ಸೆರೆಯಾಳೂ ಒಂದೇ ಮೈಯಲ್ಲಿದ್ದ ಕಲವಾವೊದಲ್ಲಿ ಆ ಉಪದೇಶವನ್ನು ನಂಬಿದವನಿಗೆ ಬೇರೆ ದೇವಾಲಯವನ್ನು ಹುಡುಕುವ ಕಾರಣವಿರಲಿಲ್ಲ. ಜಂಗಮಸೇವೆಯ ಅರ್ಥವನ್ನು ಬಲ್ಲ ಈ ಸಭೆಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲಿ ಪೂರ್ವಪಕ್ಷವೊಂದು ಏಳುವದು. ಮತಪ್ರಚಾರಕ್ಕೆಂದು ಬಂದವರ ಸೇವೆಯು ಗಾಳಕ್ಕೆ ಸಿಕ್ಕಿಸಿದ ಎರೆಯಲ್ಲವೇ? ಪ್ರಶ್ನೆಯು ಅಲ್ಲಗಳೆಯತಕ್ಕದ್ದಲ್ಲ. ಡೇಮಿಯನ್ನರು ರೋಗಿಗಳಿಗೆ ತಮ್ಮ ಮತದ ಸಂಸ್ಕಾರವನ್ನು ಕೊಟ್ಟರು. ಎಲ್ಲರನ್ನೂ ಕ್ರಿಸ್ತನ ಕಡೆಗೆ ತರಬೇಕೆಂಬ ಆಸೆಯನ್ನು ಬಚ್ಚಿಡಲೂ ಇಲ್ಲ. ಆದರೆ ಎರೆಯ ಲಕ್ಷಣವೇನು? ಮೀನು ಸಿಕ್ಕಿದ ಮೇಲೆ ಗಾಳದವನು ದಡವನ್ನು ಬಿಟ್ಟು ಮನೆಗೆ ಹೋಗುವನು. ಇವರು ಹೋಗಲಿಲ್ಲ. ತಮ್ಮ ಪಂಗಡವನ್ನು ಸೇರದವರ ಹುಣ್ಣನ್ನೂ ಕಟ್ಟಿದರು. ಅವರ ನೆರೆಯಲ್ಲಿ ಜೊನಾಥನ್ ನಪೇಲ ಎಂಬ ಹವಾಯಿಯ ಗೃಹಸ್ಥರಿದ್ದರು; ಅವರು ಮಾರ್ಮನ್ ಪಂಗಡದ ಪ್ರಮುಖರು, ಆ ಪಂಗಡದ ಗ್ರಂಥವನ್ನು ಹವಾಯಿಯ ನುಡಿಗೆ ತರುವಲ್ಲಿ ನೆರವಾದವರು. ಹೆಂಡತಿಯನ್ನು ರೋಗಿಯೆಂದು ಹಿಡಿದಾಗ ಅವಳನ್ನು ಬಿಟ್ಟಿರಲಾರದೆ ೧೮೭೩ರಲ್ಲಿ ತಾವೂ ಕೋಕುವಾ ಆಗಿ ಬಂದರು. ಕೆಲಕಾಲ ವಸತಿಯ ಮೇಲ್ವಿಚಾರಣೆಯನ್ನೂ ನೋಡಿಕೊಂಡರು. ಪಂಗಡಗಳು ಬೇರೆಯಾದರೂ ಇವರೂ ಡೇಮಿಯನ್ನರೂ ಸ್ನೇಹದಿಂದಿದ್ದರು. ನಪೇಲರಿಗೂ ರೋಗವು ತಗಲಿ ೧೮೭೯ರಲ್ಲಿ ಅವರು ತೀರಿಕೊಂಡರು. ಅವರ ಹೆಸರನ್ನು ಬಲ್ಲವರು ಲೋಕದಲ್ಲಿ ಕೆಲವರೇ. ಸೇವೆಯನ್ನು ಕಡಲಾಚೆಯಿಂದ ಬಂದವನೊಬ್ಬನೇ ತಂದನೆಂದು ಹೇಳಬಾರದೆಂಬದಕ್ಕಾಗಿ ಕೋಕುವಾ ಎಂಬ ಮಾತನ್ನು ನೆನಪಿನಲ್ಲಿಡಲು ಹೇಳಿದ್ದು. ಆ ನೆಲದಲ್ಲಿ ಅದು ಮೊದಲೇ ಇದ್ದಿತು. ಡೇಮಿಯನ್ನರು ಅದರಲ್ಲಿ ಕೂಡಿಕೊಂಡರು.

ಅವರು ತೆತ್ತ ಬೆಲೆಯು ಅಲ್ಪವಾದುದಲ್ಲ. ಬೇರ್ಪಡಿಸುವ ಕಾಯಿದೆಯು ಅವರಿಗೂ ತಗಲಿತು. ಹೊರಗೆ ಹೋಗಿಬರುವದಕ್ಕೆ ಅಡ್ಡಿಗಳು ಬಂದವು. ಒಮ್ಮೆ ಅವರ ಸಂಘದ ಹಿರಿಯರು ಹಡಗಿನಲ್ಲಿ ಬಂದಾಗ ಇವರನ್ನು ಹಡಗಿಗೆ ಹತ್ತಗೊಡಲಿಲ್ಲ. ಡೇಮಿಯನ್ನರು ಚಿಕ್ಕ ದೋಣಿಯಲ್ಲಿ ನಿಂತು, ಗುಟ್ಟಾಗಿ ಕಿವಿಯಲ್ಲಿ ಹೇಳತಕ್ಕ ಪಾಪನಿವೇದನೆಯನ್ನು ಫ್ರೆಂಚ್ ಭಾಷೆಯಲ್ಲಿ ಕೂಗಿ ಹೇಳಿ ಕ್ಷಮೆಯನ್ನು ಪಡೆದರೆಂದು ಅವರ ಚರಿತ್ರಕಾರರು ಬರೆದಿದ್ದಾರೆ. ೧೮೮೧ರಲ್ಲಿ ರಾಜಕುಮಾರಿ ಲಿಲಿಯುವೊಕಲಾನಿಯು ವಸತಿಯನ್ನು ನೋಡಲು ಬಂದು, ಕಂಡ ನೋಟಕ್ಕೆ ಗಂಟಲು ಕಟ್ಟಿ ಮಾತಾಡಲಾರದೆ ಹೋದಳು. ಬಳಿಕ ಅವರಿಗೆ ರಾಜಪದಕವನ್ನು ಕಳುಹಿಸಿದಳು. ೧೮೮೪ರ ಕೊನೆಯಲ್ಲಿ ಒಂದು ದಿನ ಕುದಿಯುವ ನೀರು ಕಾಲ ಮೇಲೆ ಬಿದ್ದು ಬೊಬ್ಬೆಯೆದ್ದಿತು. ನೋವು ಮಾತ್ರ ತಿಳಿಯಲಿಲ್ಲ. ರೋಗಿಗಳ ನಡುವೆ ಹನ್ನೊಂದು ವರ್ಷ ಬಾಳಿದವರಿಗೆ ಅದರ ಅರ್ಥವನ್ನು ಯಾರೂ ಹೇಳಬೇಕಾಗಿರಲಿಲ್ಲ. ೧೮೮೫ರಲ್ಲಿ ವೈದ್ಯ ಆರ್ನಿಂಗರು ಅದು ಕುಷ್ಠವೆಂದು ನಿಶ್ಚಯಿಸಿದರು.

ರೋಗದ ಸುದ್ದಿಯು ಹಬ್ಬಿದ ಮೇಲೆ ನೆರವು ಬರತೊಡಗಿತು. ಲಂಡನ್ನಿನಲ್ಲಿ ಬೇರೆ ಪಂಗಡದ ಚಾಪ್ಮನ್ ಎಂಬ ಪಾದ್ರಿಗಳು ಹಣವನ್ನು ಕೂಡಿಸಿ ಕಳುಹಿಸಿದರು. ೧೮೮೬ರಲ್ಲಿ ಜೋಸೆಫ್ ಡಟ್ಟನ್ ಎಂಬ ಅಮೇರಿಕದ ಮಾಜಿ ಸೈನಿಕರು ಬಂದು ಸೇರಿದರು. ಅವರು ನಾಲ್ವತ್ತು ವರ್ಷಗಳಿಗೂ ಹೆಚ್ಚು ಕಾಲ ಅಲ್ಲಿಯೇ ದುಡಿದು ೧೯೩೧ರಲ್ಲಿ ತೀರಿಕೊಂಡರು. ೧೮೮೮ರಲ್ಲಿ ಕ್ಲಿಫರ್ಡ್ ಎಂಬ ಇಂಗ್ಲಿಷ್ ಚಿತ್ರಕಾರರು ಗರ್ಜನ ಎಣ್ಣೆಯನ್ನು ತಂದುಕೊಟ್ಟರು. ಅದು ಭಾರತದ ಅಂಡಮಾನ್ ದ್ವೀಪಗಳಲ್ಲಿ ಈ ರೋಗಕ್ಕೆ ಹಚ್ಚುತ್ತಿದ್ದ ಎಣ್ಣೆ. ರೋಗವನ್ನು ಗುಣಪಡಿಸುವ ಶಕ್ತಿಯು ಅದರಲ್ಲಿರಲಿಲ್ಲ. ಅದೇ ವರ್ಷದ ನವೆಂಬರಿನಲ್ಲಿ ಮದರ್ ಮರಿಯಾನ ಕೋಪ್ ಎಂಬ ಸಂನ್ಯಾಸಿನಿಯರು ತಮ್ಮ ಸಂಗಡಿಗರೊಡನೆ ಬಂದು ಹೆಣ್ಣುಮಕ್ಕಳ ಭಾರವನ್ನು ವಹಿಸಿದರು. ತಾವು ಕಟ್ಟಿದ್ದು ತಮ್ಮ ಹಿಂದೆ ನಿಲ್ಲುವದೆಂದು ಅರಿತು, ೧೮೮೯ರ ಏಪ್ರಿಲ್ ೧೫ರಂದು, ನಾಲ್ವತ್ತೊಂಬತ್ತನೆಯ ವಯಸ್ಸಿನಲ್ಲಿ ಡೇಮಿಯನ್ನರು ದೇಹವನ್ನು ಬಿಟ್ಟರು. ಮೊದಲ ರಾತ್ರಿಗಳನ್ನು ಕಳೆದ ಆ ಕೇದಗೆಯ ಮರದ ಬಳಿಯಲ್ಲಿಯೇ ಅವರನ್ನು ಸಮಾಧಿ ಮಾಡಿದರು.

ಎರಡನೆಯ ಪೂರ್ವಪಕ್ಷವು ಅವರು ಸತ್ತ ಕೆಲವೇ ತಿಂಗಳುಗಳಲ್ಲಿ ಸ್ವಧರ್ಮೀಯರಿಂದಲೇ ಎದ್ದಿತು. ಹೊನೊಲುಲುವಿನ ಹೈಡ್ ಎಂಬ ಪ್ರೊಟೆಸ್ಟಂಟ ಪಾದ್ರಿಗಳು ಒಂದು ಪತ್ರದಲ್ಲಿ ಡೇಮಿಯನ್ನರನ್ನು ಒರಟರು, ಕೊಳಕರು, ಹಟಮಾರಿಗಳು ಎಂದು ಹೀಗಳೆದು, ಅವರ ನಡತೆಯ ಮೇಲೂ ಕಳಂಕವನ್ನು ಹೊರಿಸಿದರು. ಪತ್ರವು ಅಚ್ಚಾಯಿತು. ಆಗ ಇಂಗ್ಲಿಷ್ ಸಾಹಿತ್ಯದಲ್ಲಿ ಹೆಸರಾದ ಕಾದಂಬರಿಕಾರ ಸ್ಟೀವನ್ಸನ್ನರು, ತಾವೂ ಪ್ರೊಟೆಸ್ಟಂಟ ಮನೆತನದವರಾಗಿದ್ದು, ೧೮೯೦ರ ಫೆಬ್ರವರಿಯಲ್ಲಿ ಸಿಡ್ನಿ ಪಟ್ಟಣದಿಂದ ಬಹಿರಂಗಪತ್ರವೊಂದನ್ನು ಬರೆದು ಉತ್ತರಕೊಟ್ಟರು. ಹಿಂದಿನ ವರ್ಷ ಅವರು ಮೊಲೊಕಾಯಿಗೆ ಹೋಗಿ ರೋಗಿಗಳ ಬಾಯಿಂದಲೇ ಸಂಗತಿಗಳನ್ನು ಕೇಳಿದ್ದರು. ಡೇಮಿಯನ್ನರಲ್ಲಿ ದೋಷವೇ ಇರಲಿಲ್ಲವೆಂದು ಅವರು ವಾದಿಸಲಿಲ್ಲ. ಒರಟುತನವನ್ನೂ ಹಟವನ್ನೂ ಒಪ್ಪಿಕೊಂಡು, ನಡತೆಯ ಮೇಲಣ ಅಪವಾದವನ್ನು ತಳ್ಳಿಹಾಕಿ, ಒಬ್ಬರು ಪಟ್ಟಣದ ಅನುಕೂಲವಾದ ಮನೆಯಲ್ಲಿದ್ದಾಗ ಮತ್ತೊಬ್ಬರು ಎಲ್ಲಿದ್ದರೆಂದು ಮಾತ್ರ ಕೇಳಿದರು. ಡೇಮಿಯನ್ನರ ಹಿರಿಯರೂ ಅವರ ಹಟಕ್ಕೆ ಬೇಸತ್ತಿದ್ದುದುಂಟು. ಹಲಗೆಗಾಗಿ, ಮದ್ದಿಗಾಗಿ, ಬಟ್ಟೆಗಾಗಿ ಮೇಲಿಂದ ಮೇಲೆ ಬೇಡುವವನು ಯಾವ ಕಚೇರಿಗೂ ಪ್ರಿಯನಾಗಲಾರನು. ಉಳಿ ಹಿಡಿದ ಕೈ ಮೆತ್ತಗಿರುವದಿಲ್ಲ.

ಮೂರನೆಯ ಪೂರ್ವಪಕ್ಷವು ಹೆಚ್ಚು ಸೂಕ್ಷ್ಮವಾದುದು. ಸೇವಕನು ರೋಗವನ್ನು ತಾನೇ ತಗಲಿಸಿಕೊಳ್ಳುವದು ಧರ್ಮವೇ? ಸೇವೆಯು ಪೂರ್ಣವಾಗಬೇಕಾದರೆ ಸಾಯಬೇಕೇ? ಇದಕ್ಕೆ ಉತ್ತರವನ್ನು ಮದರ್ ಮರಿಯಾನರ ಬಾಳಿನಲ್ಲಿ ನೋಡಬೇಕು. ನ್ಯೂಯಾರ್ಕ್ ಸಂಸ್ಥಾನದಲ್ಲಿ ಆಸ್ಪತ್ರೆಯನ್ನು ನಡಿಸಿ ಅನುಭವವಿದ್ದ ಅವರು ೧೮೮೩ರಲ್ಲಿ ಹವಾಯಿಗೆ ಬಂದವರು. ಕೈ ತೊಳೆಯುವದನ್ನೂ ಶುಚಿತ್ವವನ್ನೂ ವ್ರತದಂತೆ ನಡೆಸಿದರು. ೧೯೧೮ರಲ್ಲಿ ತೀರಿಕೊಳ್ಳುವವರೆಗೆ ಮೂವತ್ತು ವರ್ಷ ಅಲ್ಲಿಯೇ ಇದ್ದರು. ಅವರಿಗಾಗಲಿ ಅವರ ಸಂಗಡಿಗರಿಗಾಗಲಿ ರೋಗವು ತಗಲಲಿಲ್ಲ. ಅವರೂ ಹಿಂದಿರುಗುವ ಹಾದಿಯನ್ನು ತೆರೆದಿಟ್ಟುಕೊಳ್ಳಲಿಲ್ಲ. ಅವರೂ ಹುಣ್ಣುಗಳನ್ನು ಮುಟ್ಟಿದರು. ಆದಕಾರಣ ರೋಗವು ಸೇವೆಗೆ ಪ್ರಮಾಣವಲ್ಲ, ಬಿಟ್ಟುಹೋಗದಿರುವದೇ ಪ್ರಮಾಣ. ಡೇಮಿಯನ್ನರು ಎಚ್ಚರತಪ್ಪಿದ ಕಡೆಗೆ ಅವರನ್ನು ಅನುಸರಿಸಬೇಕಾಗಿಲ್ಲ. ಅವರು ಅಂಜದೆ ನಿಂತ ಕಡೆಗೆ ನಿಲ್ಲಬೇಕಾಗಿದೆ. ರೋಮಿನ ಮಹಾಗುರುಗಳು ಇಬ್ಬರನ್ನೂ ಸಂತರೆಂದು ಸಾರಿದರು: ಡೇಮಿಯನ್ನರನ್ನು ೨೦೦೯ರಲ್ಲಿ, ಮರಿಯಾನರನ್ನು ೨೦೧೨ರಲ್ಲಿ.

ಕಾಲದ ವಿಚಿತ್ರವನ್ನು ನೋಡಿರಿ. ಡೇಮಿಯನ್ನರು ಕಲವಾವೊದಲ್ಲಿ ಇಳಿದ ೧೮೭೩ರಲ್ಲಿಯೇ ನಾರ್ವೆ ದೇಶದ ಹ್ಯಾನ್ಸೆನ್ ಎಂಬ ವೈದ್ಯರು ಈ ರೋಗದ ಕ್ರಿಮಿಯನ್ನು ಸೂಕ್ಷ್ಮದರ್ಶಕದಲ್ಲಿ ಕಂಡುಹಿಡಿದರು. ಪಾಪದ ಫಲವೆಂದೂ ವಂಶದ ಶಾಪವೆಂದೂ ಜನರು ಹೇಳುತ್ತಿದ್ದುದು ಒಂದು ಕ್ರಿಮಿಯ ಕೆಲಸವೆಂದು ತಿಳಿಯಿತು. ಮನುಷ್ಯರಲ್ಲಿ ನೂರಕ್ಕೆ ಸುಮಾರು ೯೫ ಮಂದಿಗೆ ಈ ರೋಗವನ್ನು ತಡೆಯುವ ಶಕ್ತಿಯು ಹುಟ್ಟಿನಿಂದಲೇ ಇರುವದೆಂದೂ ಮುಂದೆ ಗೊತ್ತಾಯಿತು. ೧೯೪೦ರ ದಶಕದಲ್ಲಿ ಗುಣಕೊಡುವ ಮದ್ದು ದೊರೆಯಿತು. ಆದರೂ ಹವಾಯಿಯಲ್ಲಿ ಬೇರ್ಪಡಿಸುವ ನಿಯಮವು ಹೋದದ್ದು ೧೯೬೯ರಲ್ಲಿ. ಅಷ್ಟರೊಳಗೆ ಸುಮಾರು ೮೦೦೦ ಮಂದಿ ಆ ನೆಲದ ನಾಲಗೆಗೆ ಕಳುಹಿಸಲ್ಪಟ್ಟಿದ್ದರು. ೧೯೮೧ರಿಂದ ಹಲವು ಮದ್ದುಗಳನ್ನು ಕೂಡಿಸಿ ಕೊಡುವ ಚಿಕಿತ್ಸೆಯು ನಡೆದುಬಂದಿದೆ. ಆರು ತಿಂಗಳಲ್ಲಿಯೋ ಒಂದು ವರ್ಷದಲ್ಲಿಯೋ ರೋಗಿಯು ಗುಣಹೊಂದುವನು.

ಈ ಕಥೆಯು ಪರದೇಶದ್ದೆಂದು ಕೇಳಿ ಮರೆಯುವಂತಿಲ್ಲ. ಜಗತ್ತಿನಲ್ಲಿ ಪ್ರತಿವರ್ಷ ಹೊಸದಾಗಿ ಕಂಡುಬರುವ ಕುಷ್ಠರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಭಾರತದವರು. ರೋಗಿಗಳನ್ನು ಹಿಡಿದು ಬೇರೆಯಿಡಲು ಆಸ್ಪದವಿದ್ದ ೧೮೯೮ರ ಕಾಯಿದೆಯನ್ನು ಈ ದೇಶವು ತೆಗೆದುಹಾಕಿದ್ದು ೨೦೧೬ರಲ್ಲಿ. ಕುಷ್ಠವೆಂಬ ಕಾರಣದಿಂದ ವಿವಾಹವನ್ನು ಮುರಿಯಬಹುದೆಂಬ ವಿಧಿಯು ಹೋದದ್ದ೨೦೧೯ರಲ್ಲಿ. ಬರೆಹದ ಕಾಯಿದೆಗಳು ಹೋದವು. ಮನಸ್ಸಿನೊಳಗಣ ಕಾಯಿದೆಯು ಹೋಗಿದೆಯೇ? ಗುಣವಾಗಿ ಬಂದವನಿಗೆ ನೀರಿನ ತಂಬಿಗೆಯನ್ನು ಎತ್ತಿ ಹುಯ್ಯುವರೋ ಕೈಗೆ ಕೊಡುವರೋ? ಮೊಂಡಾದ ಬೆರಳಿನವನಿಗೆ ಪಂಕ್ತಿಯಲ್ಲಿ ಎಲೆಯನ್ನು ಹಾಸುವರೋ ಹೊರಜಗಲಿಯನ್ನು ತೋರಿಸುವರೋ? ಮೈಮೇಲೆ ಮಚ್ಚೆ ಕಂಡು ಮುಟ್ಟಿದರೆ ತಿಳಿಯದಾದಾಗ ಮನೆಯವರು ಅವನನ್ನು ವೈದ್ಯನ ಬಳಿಗೆ ಕರೆದೊಯ್ಯುವರೋ, ಮಗಳ ಮದುವೆಗೆ ಅಡ್ಡಿಯಾದೀತೆಂದು ಮುಚ್ಚಿಡುವರೋ? ಈ ಮೂರು ಪ್ರಶ್ನೆಗಳಿಗೆ ಕಡಲನ್ನು ದಾಟಿ ಹೋಗದೆಯೇ ಉತ್ತರಕೊಡಬಹುದಾಗಿದೆ.

ಸದ್ಭಕ್ತರೇ, ಎಲ್ಲರೂ ಮೊಲೊಕಾಯಿಗೆ ಹೋಗಲಾರರು, ಹೋಗಬೇಕಾಗಿಯೂ ಇಲ್ಲ. ಡೇಮಿಯನ್ನರು ತಮ್ಮ ಶ್ರದ್ಧೆಯನ್ನು ಹಲಗೆ, ಮೊಳೆ, ನೀರಿನ ಕೊಳವೆ, ಶವಪೆಟ್ಟಿಗೆಗಳಲ್ಲಿ ತೋರಿಸಿದರು. ಅದನ್ನು ಕಂಡವರಿಗೆ ಅವರ ನಂಬಿಕೆಯು ಏನೆಂದು ಬೇರೆ ಕೇಳಬೇಕಾಗಲಿಲ್ಲ. ಯಾವ ಮತದವನಾದರೂ ತನ್ನ ಮತವು ದೊಡ್ಡದೆಂದು ತೋರಿಸಲು ಇದಕ್ಕಿಂತ ಬೇರೆ ವಾದವು ಬೇಕಾಗಿಲ್ಲ. ಇಂದು ಸಾಯಂಕಾಲದ ಪ್ರಸಾದಕ್ಕೆ ಪಂಕ್ತಿ ಹಾಕುವಾಗ ಹಿಂದೆ ಸರಿದು ನಿಂತವರು ಯಾರೆಂದು ಬಡಿಸುವವರು ಕಣ್ಣೆತ್ತಿ ನೋಡಲಿ. ಅಂಥವರನ್ನು ಕೈಹಿಡಿದು ಕರೆತಂದು ತಮ್ಮ ಪಕ್ಕದಲ್ಲಿ ಕೂಡಿಸಿಕೊಳ್ಳುವ ಬುದ್ಧಿಯೂ ಧೈರ್ಯವೂ ಎಲ್ಲರಿಗೂ ಉಂಟಾಗಲಿ.

ಸರ್ವರಿಗೂ ಮಂಗಲವಾಗಲಿ.